ಮ್ಯೂಸಿಯಂನಾಗ ಸಾದಾ ಕುರ್ಚಿ ಯಾಕ ಇಡ್ತಾರ?

ಬರೇ ಚಂದ ಐತಿ ಅಂತಲ್ರಿ, ಫರ್ನಿಚರ್ ಮಾಡೋ ರೀತಿನ ಬದಲಾತು ಅನ್ನೋದಕ್ಕ ಆ ಕುರ್ಚಿ ಸಾಕ್ಷಿ, ಅದಕ್ಕ ಇಡ್ತಾರ. ಮಾಡರ್ನ್ ಫರ್ನಿಚರ್ ಎಕ್ಸಿಬಿಷನ್‌ಗಳಾಗ ಭಾಳ ಸಲ ಕಾಣೋದು ಮಿಖಾಯೆಲ್ ಟೋನೆಟ್ ಅನ್ನೋ ಜರ್ಮನ್ ಬಡಗಿ 1859ರಾಗ ತಂದ 14ನೇ ನಂಬರಿನ ಕುರ್ಚಿ. ಬೀಚ್ ಅನ್ನೋ ಮರದ ಕೋಲಿಗೆ ಬಿಸಿ ಹಬೆ ಕೊಟ್ರ ಮೆತ್ತಗಾಗತೈತಿ, ಕಬ್ಬಿಣದ ಅಚ್ಚಿನಾಗ ಬಗ್ಗಿಸಿ ಒಣಗಿಸಿದ್ರ ಹಂಗ ನಿಲ್ಲತೈತಿ, ಹಿಂಗಾಗಿ ಕೆತ್ತನಿ ಕೆಲಸ ಬೇಕಾಗಲಿಲ್ಲ, 6 ತುಂಡು, 10 ಸ್ಕ್ರೂ, 2 ನಟ್ ಅಷ್ಟ. ಬಿಚ್ಚಿಟ್ರ ಒಂದು ಕ್ಯೂಬಿಕ್ ಮೀಟರ್ ಪೆಟ್ಟಿಗ್ಯಾಗ 36 ಕುರ್ಚಿ ಹಿಡೀತಿದ್ವು, ದೂರದ ಊರಿಗೂ ಅಗ್ಗದಾಗ ಹೋದ್ವು, ನನಗಂತೂ ಇದ ದೊಡ್ಡ ಮಾತು. ಆಮ್ಯಾಲ 1925ರ ಸುಮಾರಿಗೆ ಮಾರ್ಸೆಲ್ ಬ್ರಾಯರ್ ಅನ್ನೋ ಫರ್ನಿಚರ್ ಡಿಸೈನರ್ ಸೈಕಲ್ ಹ್ಯಾಂಡಲ್ ನೋಡಿ ಸ್ಟೀಲ್ ಪೈಪ್ ಬಗ್ಗಿಸಿ ಕುರ್ಚಿ ಮಾಡಿದ. ನಮ್ಮ ಬೆಳಗಾವಿ ಆಫೀಸಿನಾಗ ಕೂಡೋ ಪೈಪಿನ ಕುರ್ಚಿನೂ ಅದ ದಾರೀಲೆ ಬಂದದ್ದು.