ಮೀಸೆಯೂ ಅವರೇ, ಎಮ್ಮಿಯೂ ಅವರೇ

ಪ್ರಶ್ನೆ: ಫಾಸ್‌ಬಿಂಡರ್ ನಿರ್ದೇಶನದ 'ಅಲಿ: ಫಿಯರ್ ಈಟ್ಸ್ ದಿ ಸೋಲ್' ಎಂಬ ಜರ್ಮನ್ ಸಿನಿಮಾ ನೋಡಿದೆ. ಮೊರಾಕೊದಿಂದ ಬಂದ ಕೂಲಿಯವನನ್ನು ಮದುವೆಯಾಗುವ, ನೆಲ ಒರೆಸುವ ಕೆಲಸದ ವಯಸ್ಸಾದ ಎಮ್ಮಿ ನಟಿಯ ಹಾಗೆ ಕಾಣಲೇ ಇಲ್ಲ. ಎಲ್ಲೋ ನೆಲ ಒರೆಸುತ್ತಿದ್ದವರನ್ನೇ ಕರೆತಂದು ನಿಲ್ಲಿಸಿದ್ದಾರಾ?
– ಓದುಗರೊಬ್ಬರು, ಹಾಸನ

ಉತ್ತರ: ನಾನಿದನ್ನು ಮೊದಲು ನೋಡಿದ್ದು ಬೆಂಗಳೂರಿನ ಮ್ಯಾಕ್ಸ್‌ಮುಲ್ಲರ್ ಭವನದಲ್ಲಿ. ಎಮ್ಮಿ ಮಳೆಗೆ ಬಾರಿನೊಳಗೆ ಬಂದು, ಬಾಗಿಲ ಪಕ್ಕದ ಮೇಜಿಗೇ ಕೂತು, ಕೋಲಾ ಕೇಳುತ್ತಾಳಲ್ಲ? ಜೊತೆಗಿದ್ದ ನಮ್ಮ ಚಿಕ್ಕಮ್ಮ 'ಅಯ್ಯೋ, ಮದುವೆ ಮನೇಲಿ ಗುರುತಿನವರು ಸಿಗದವರ ಥರ ಕೂತಿದ್ದಾಳೆ' ಅಂದರು. ಚಿಕ್ಕಮ್ಮನೂ ನಿಮ್ಮ ಹಾಗೇ ಮೋಸ ಹೋದರು.

ಅವರು ಬ್ರಿಗಿಟೆ ಮೀರಾ. ಪಕ್ಕಾ ವೃತ್ತಿಯವರು. 1910ರಲ್ಲಿ ಹ್ಯಾಂಬರ್ಗ್‌ನಲ್ಲಿ ಹುಟ್ಟಿದರು. ಹಾಡು, ಬ್ಯಾಲೆ ಕಲಿತು ಆಪೆರೆಟಾಗಳಲ್ಲಿ, ಅಂದರೆ ಹಾಡು ತುಂಬಿದ ಲಘು ನಾಟಕಗಳಲ್ಲಿ, ಹೆಸರು ಮಾಡಿದರು. ನಗಿಸುವುದು, ಕುಣಿಯುವುದು, ಹೆಚ್ಚಾಗಿ ಅಂಥ ಪಾತ್ರಗಳೇ. ಎಮ್ಮಿಯಾದಾಗ ವಯಸ್ಸು 63.

ತಂದೆ ರಷ್ಯಾ ಮೂಲದ ಯಹೂದಿ, ಪಿಯಾನೋ ವಾದಕರು. ಇದನ್ನು ಮುಚ್ಚಿಟ್ಟುಕೊಂಡೇ ಮೀರಾ ಹಿಟ್ಲರ್ ಕಾಲದಲ್ಲೂ ರಂಗದ ಮೇಲೆ ಉಳಿದರು. ಅಷ್ಟೇ ಅಲ್ಲ, ಯುದ್ಧದ ನಡುವೆ ನಾಜಿಗಳ ಪ್ರಚಾರದ ಕಿರುಚಿತ್ರಗಳಲ್ಲೂ ನಟಿಸಿದರು. ಅದರಲ್ಲಿ ಲೀಸೆ ಒಳ್ಳೆಯವಳು, ಹೇಳಿದಂತೆ ಕೇಳುವವಳು. ಮೀಸೆ ಕೆಟ್ಟವಳು, ಕದ್ದು ವಿದೇಶಿ ರೇಡಿಯೋ ಕೇಳುವವಳು. (ನಗಬೇಡಿ, ಅವರ ಭಾಷೆಯಲ್ಲಿ ಮೀಸೆಗೆ ಬೇರೆ ಅರ್ಥ.) ನಮ್ಮ ನಟಿಯೇ ಮೀಸೆ. ತಮಾಷೆ ಅಂದರೆ, ಜನಕ್ಕೆ ಇಷ್ಟವಾದವಳು ಈ ಕೆಟ್ಟವಳೇ! ಕೊನೆಗೆ ಚಿತ್ರಗಳನ್ನೇ ನಿಲ್ಲಿಸಬೇಕಾಯಿತು.

ಈಗ ಎಮ್ಮಿಯ ಮದುವೆ ಊಟ ನೆನಪಿಸಿಕೊಳ್ಳಿ. ಗಂಡನನ್ನು ಆಕೆ ಕರೆದೊಯ್ಯುವುದು ಹಿಟ್ಲರ್ ಊಟಕ್ಕೆ ಬರುತ್ತಿದ್ದ ಮ್ಯೂನಿಕ್‌ನ ಹೋಟೆಲಿಗೆ. ಇಲ್ಲಿ ಊಟ ಮಾಡಬೇಕೆಂದು ಬಹಳ ದಿನದ ಆಸೆ ಅಂತ ಸಂಭ್ರಮದಲ್ಲಿ ಹೇಳುತ್ತಾಳೆ. ಆಮೇಲೆ ಮೆನು ಓದಿ ಏನು ಹೇಳಬೇಕೋ ಗೊತ್ತಾಗದೆ ಮಾಣಿಯ ಮುಂದೆ ತಡವರಿಸುತ್ತಾಳೆ. ಆ ಆಸೆಯ ಮಾತಿನಲ್ಲಿ ಒಂದಿಷ್ಟೂ ವ್ಯಂಗ್ಯ ಸೇರಿಸದೆ ಮುಗ್ಧವಾಗಿ ಹೇಳಿದವರು ಯಹೂದಿ ತಂದೆಯ ಮಗಳು. ನನಗಂತೂ ಇದು ಗೊತ್ತಾದ ಮೇಲೆ ಆ ದೃಶ್ಯ ನೋಡುವುದೇ ಕಷ್ಟವಾಯಿತು.

ಚಿತ್ರೀಕರಣ ಮುಗಿದದ್ದು ಸುಮಾರು ಎರಡೇ ವಾರದಲ್ಲಿ. 1974ರಲ್ಲಿ ಚಿತ್ರ ಕಾನ್ ಉತ್ಸವದಲ್ಲಿ ವಿಮರ್ಶಕರ ಪ್ರಶಸ್ತಿ ಪಡೆಯಿತು, ಮೀರಾಗೆ ಜರ್ಮನ್ ಚಲನಚಿತ್ರ ಪ್ರಶಸ್ತಿ ಬಂತು. ಆಮೇಲೂ ಫಾಸ್‌ಬಿಂಡರ್ ಅವರನ್ನು ಬಿಡಲಿಲ್ಲ, ಮತ್ತೆ ಮತ್ತೆ ಕರೆದರು. ಜರ್ಮನಿಯ ಮನೆಮನೆಗೆ ಜಾಸ್ತಿ ಪರಿಚಯವಾಗಿದ್ದು ಮಾತ್ರ 1977ರಲ್ಲಿ ಶುರುವಾದ ಟಿವಿ ಧಾರಾವಾಹಿಯಿಂದ. ಬರ್ಲಿನ್‌ನ ರಸ್ತೆಬದಿ ಸಾಸೇಜ್ ಅಂಗಡಿ ನಡೆಸುವ ಅಜ್ಜಿ, ಮಗಳು, ಮೊಮ್ಮಗಳ ಕಥೆ. ಇವರೇ ಅಜ್ಜಿ. 2005ರಲ್ಲಿ ಬರ್ಲಿನ್‌ನಲ್ಲೇ ತೀರಿಕೊಂಡರು, 94 ವರ್ಷ.

ಅಂದ ಹಾಗೆ, ಸಿನಿಮಾದಲ್ಲಿ ಹೆಂಡತಿ ಕೈಲಿ ಬಿಯರ್ ತರಿಸಿಕೊಳ್ಳುವ ಸಿಡುಕು ಅಳಿಯ ಇದ್ದಾನಲ್ಲ, ಅವನೇ ಫಾಸ್‌ಬಿಂಡರ್.