ಅಜ್ಜನ ಪೆಟ್ಟಿಗೆಯ ದೇವರ ಸ್ಟಾಂಪು: ಕತ್ತರಿ ಮುಟ್ಟಬೇಡಿ

ಪ್ರಶ್ನೆ: ನಮ್ಮಜ್ಜ ಯಾವ ಕ್ಷೇತ್ರಕ್ಕೆ ಹೋದರೂ ಅಲ್ಲಿಂದ ಮನೆಗೆ ಒಂದು ಕಾಗದ ಹಾಕುತ್ತಿದ್ದರು. ಈಗ ಪೆಟ್ಟಿಗೆ ಸಿಕ್ಕಿದೆ. ಗೊಮ್ಮಟನ ಸ್ಟಾಂಪಿರುವ ಕವರ್ ಇದೆ, ಶಬರಿಮಲೆಯ ಮೆಟ್ಟಿಲು ಚಿತ್ರದ ಸೀಲಿರುವ ಕಾರ್ಡ್ ಇದೆ, ಆಣೆ ಕಾಲದ ಬಿಡಿ ಸ್ಟಾಂಪುಗಳೂ ಇವೆ. ಸ್ಟಾಂಪುಗಳನ್ನೆಲ್ಲ ಕತ್ತರಿಸಿ, ನೀರಲ್ಲಿ ನೆನೆಸಿ ಆಲ್ಬಂಗೆ ಹಾಕೋಣ ಅಂತಿದ್ದೇನೆ. ಸರೀನಾ? ಬೆಲೆ ಬರುತ್ತಾ?
– ಓದುಗರೊಬ್ಬರು, ಹಾಸನ

ಉತ್ತರ: ದಯವಿಟ್ಟು ಬೇಡ. ಮೊದಲು ಕತ್ತರಿ ಆಚೆ ಇಡಿ.

ಗೊಮ್ಮಟನ ಸ್ಟಾಂಪು ಬಂದದ್ದು 1981ರ ಫೆಬ್ರುವರಿಯಲ್ಲಿ, ಮೂರ್ತಿಗೆ ಸಾವಿರ ವರ್ಷ ತುಂಬಿದ ಮಹಾಮಸ್ತಕಾಭಿಷೇಕದ ಹೊತ್ತಿಗೆ. ಮುಖಬೆಲೆ 1 ರೂಪಾಯಿ. ಬಿಡಿಯಾಗಿ ಅದು ಈಗಲೂ ಸುಲಭವಾಗಿ ಸಿಗುತ್ತದೆ, ದೊಡ್ಡ ಬೆಲೆಯೇನೂ ಇಲ್ಲ. ಆದರೆ ಅದೇ ಸ್ಟಾಂಪಿನ ಮೇಲೆ ಶ್ರವಣಬೆಳಗೊಳದ ಠಸ್ಸೆ (ಅಂಚೆ ಸೀಲು), ಅದೇ ದಿನಗಳ ತಾರೀಖು, ಕೆಳಗೆ ನಿಮ್ಮ ಮನೆಯ ವಿಳಾಸ ಎಲ್ಲ ಒಟ್ಟಿಗಿದ್ದರೆ ಅದು ಬೇರೆಯೇ ವಸ್ತು. ಜಾತ್ರೆಗೆ ಹೋದವರೊಬ್ಬರು ಅಲ್ಲಿಂದಲೇ ಬರೆದದ್ದು ಅಂತ ಆ ಕಾಗದವೇ ಹೇಳುತ್ತದೆ. ನೆನೆಸಿ ಕಿತ್ತರೆ ಊರೂ ಹೋಯಿತು, ತಾರೀಖೂ ಹೋಯಿತು, ಉಳಿಯುವುದು ಎಲ್ಲರ ಹತ್ತಿರ ಇರುವ ಒಂದು ಬಣ್ಣದ ಚೂರು, ಅಷ್ಟೇ.

ಶಬರಿಮಲೆಯ ಕಾರ್ಡ್ ಇನ್ನೂ ಸ್ವಾರಸ್ಯದ್ದು. ಅಲ್ಲಿನ ಸನ್ನಿಧಾನದ ಅಂಚೆ ಕಚೇರಿ ವರ್ಷವಿಡೀ ತೆರೆದಿರುವುದಿಲ್ಲ, ಮಂಡಲ ಪೂಜೆ–ಮಕರವಿಳಕ್ಕು ಸೀಸನ್ನಿನಲ್ಲಿ ಮಾತ್ರ ಕೆಲಸ ಮಾಡುತ್ತದೆ. ಅದಕ್ಕೆ 689713 ಅಂತ ಸ್ವಂತ ಪಿನ್ ಕೋಡ್ ಇದೆ. ಠಸ್ಸೆಯಲ್ಲಿ ಅಯ್ಯಪ್ಪ, ಹದಿನೆಂಟು ಮೆಟ್ಟಿಲು. ಸೀಸನ್ ಮುಗಿದರೆ ಆ ಠಸ್ಸೆಗೂ ರಜೆ. ಅಯ್ಯಪ್ಪನ ಹೆಸರಿಗೇ ಮದುವೆ ಕಾಗದ ಕಳಿಸುವವರಿದ್ದಾರೆ, ಮನಿ ಆರ್ಡರ್ ಮಾಡುವವರಿದ್ದಾರೆ, ಅವೆಲ್ಲ ಈ ಪುಟ್ಟ ಕಚೇರಿಗೇ ಬರುತ್ತವೆ. ಮಾಲೆ ಹಾಕಿ ಹೋಗುವ ನಮ್ಮವರು ಪ್ರತಿವರ್ಷ ಇಷ್ಟೊಂದು ಜನ, ಆದರೆ ಅಲ್ಲಿಂದ ಮನೆಗೊಂದು ಕಾರ್ಡ್ ಹಾಕುವವರು ಎಷ್ಟು ಜನ ಹೇಳಿ? ನಿಮ್ಮಜ್ಜ ಹಾಕಿದ್ದಾರೆ!

ಬಿಡಿ ಸ್ಟಾಂಪುಗಳಲ್ಲಿ 1949ರ ಆಗಸ್ಟ್ 15ರ ಸರಣಿಯವು ಇವೆಯಾ ನೋಡಿ. ಸ್ವತಂತ್ರ ಭಾರತದ ಮೊದಲ ದಿನಬಳಕೆ ಸರಣಿ ಅದು. ಸಾಂಚಿ, ಬೋಧಗಯಾ, ಅಮೃತಸರದ ಸ್ವರ್ಣಮಂದಿರ, ನಟರಾಜ, 6 ಆಣೆಯದರಲ್ಲಿ ನಮ್ಮ ವಿಜಯಪುರದ ಗೋಲಗುಮ್ಮಟ, ಎಲ್ಲ ಒಂದೇ ಸಾಲಿನಲ್ಲಿ. 1 ಆಣೆಯ ಬೋಧಿಸತ್ವ ಸಿಕ್ಕರೆ ಕೈ ಯಾವ ಕಡೆ ಇದೆ ಅಂತ ಗಮನಿಸಿ. ಮೊದಲ ಸಲ ಚಿತ್ರ ತಿರುಗುಮುರುಗಾಗಿ ಅಚ್ಚಾಗಿತ್ತು, 1950ರಲ್ಲಿ ಸರಿಮಾಡಿ ಮತ್ತೆ ತಂದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಚೆನ್ನ. ಸರಣಿಯ ಅತಿ ಹೆಚ್ಚು ಮುಖಬೆಲೆಯದು 15 ರೂಪಾಯಿಯ ಪಾಲಿತಾಣದ ಶತ್ರುಂಜಯ ಜೈನ ದೇವಾಲಯ. ಅದೇನಾದರೂ ಬಳಸದ ಸ್ಥಿತಿಯಲ್ಲಿ ಸಿಕ್ಕರೆ ಯಾರಿಗೂ ಸುಮ್ನೆ ಕೊಟ್ಟುಬಿಡಬೇಡಿ.

ನನ್ನನ್ನು ಕೇಳಿದರೆ, ಇದನ್ನೆಲ್ಲ ಮಾರುವ ಬದಲು ನೀವೇ ಮುಂದುವರಿಸಿ. ಜೈನ ಕ್ಷೇತ್ರಗಳ ಎಳೆಯೊಂದನ್ನೇ ಹಿಡಿಯಬಹುದು: 1949ರ ಪಾಲಿತಾಣ, ಮಹಾವೀರ ನಿರ್ವಾಣದ 2500ನೇ ವರ್ಷಕ್ಕೆ 1974ರಲ್ಲಿ ಬಂದ ಪಾವಾಪುರಿ, ಆಮೇಲೆ 1981ರ ಗೊಮ್ಮಟ. ಅಥವಾ ದಾಸರು–ಶರಣರು: 1964ರ ಪುರಂದರದಾಸರು, 1967ರ ಬಸವೇಶ್ವರರು. ಎಲ್ಲ ಧರ್ಮದ್ದೂ ಸಿಕ್ಕಿದ್ದೆಲ್ಲ ಬೇಕು ಅಂತ ಹೊರಟರೆ ಎರಡೇ ವರ್ಷದಲ್ಲಿ ಬೇಸರ ಬರುತ್ತದೆ.

ಹಾಸನದವರಿಗೆ ಶ್ರವಣಬೆಳಗೊಳ ಪಕ್ಕದಲ್ಲೇ ಅಲ್ವಾ? ಅಲ್ಲಿನ ಅಂಚೆ ಕಚೇರಿಯಲ್ಲಿ ಗೊಮ್ಮಟನ ಚಿತ್ರ ಇರುವ ಕಾಯಂ ಠಸ್ಸೆ ಇದೆ. ಕೆಲಸದ ದಿನ ಹೋಗಿ, ಕವರಿಗೆ ಸ್ಟಾಂಪು ಅಂಟಿಸಿ, ನಿಮ್ಮದೇ ವಿಳಾಸ ಬರೆದು, ಚಿತ್ರದ ಠಸ್ಸೆ ಬೇಕು ಅಂತ ಕೌಂಟರಿನಲ್ಲಿ ಬಾಯಿಬಿಟ್ಟು ಕೇಳಿ. ಕೇಳದಿದ್ದರೆ ಮಾಮೂಲಿ ಗುಂಡು ಸೀಲೇ ಬೀಳುತ್ತದೆ. ಹೋಗಲಾಗದ ದೂರದ ಊರಾದರೆ ವಿಳಾಸ ಬರೆದು ಸ್ಟಾಂಪು ಹಚ್ಚಿದ ಕವರನ್ನು ಇನ್ನೊಂದು ಕವರಿನೊಳಗಿಟ್ಟು, ಒಂದು ವಿನಂತಿ ಚೀಟಿ ಸೇರಿಸಿ ಪೋಸ್ಟ್‌ಮಾಸ್ಟರಿಗೆ ಕಳಿಸಿ.

ಇಡುವ ವಿಷಯ: ಲ್ಯಾಮಿನೇಟ್ ಮಾಡಿಸಬೇಡಿ, ಸೆಲೋಟೇಪ್ ಬೇಡ, ಅಗ್ಗದ ಪಿವಿಸಿ ಹಾಳೆಯೂ ಬೇಡ. ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ.

ಪ್ರಶ್ನೆ: ರಾಮ, ಗಣೇಶರ ವಿದೇಶಿ ಸ್ಟಾಂಪು ಅಂತ ವಾಟ್ಸ್ಆ್ಯಪ್‌ನಲ್ಲಿ ಶೀಟ್ ಮಾರುತ್ತಿದ್ದಾರೆ. ನಂಬಬಹುದಾ?
– ಓದುಗರು, ಹುಬ್ಬಳ್ಳಿ

ಉತ್ತರ: ಎಲ್ಲವೂ ಸುಳ್ಳಲ್ಲ. ಲಾವೋಸ್, ಥಾಯ್ಲೆಂಡ್, ಇಂಡೋನೇಷ್ಯಾ ನಿಜವಾಗಿಯೂ ರಾಮಾಯಣದ ಸ್ಟಾಂಪು ತಂದಿವೆ. ಆದರೆ ಜಾರ್ಜಿಯಾದಿಂದ ಬೇರ್ಪಟ್ಟ ಅಬ್ಖಾಜಿಯಾದಂಥ ಹೆಸರು ಹೊತ್ತು ಯಾರೋ ಎಲ್ಲೋ ಅಚ್ಚು ಹಾಕಿದ ಶೀಟುಗಳೂ ಜಾಸ್ತಿ ಓಡಾಡುತ್ತವೆ, ಅವಕ್ಕೆ ಅಂಚೆಯಲ್ಲಿ ಕವಡೆ ಕಿಮ್ಮತ್ತಿಲ್ಲ. ನಮ್ಮ ದೇಶದ ಹೊಸ ಸ್ಟಾಂಪಿಗಂತೂ ಮಧ್ಯವರ್ತಿ ಬೇಕಿಲ್ಲ. 2024ರ ಜನವರಿಯಲ್ಲಿ ಬಂದ ಅಯೋಧ್ಯೆಯ ಆರು ಸ್ಟಾಂಪುಗಳ ಥರದ್ದೆಲ್ಲ ಬಿಡುಗಡೆ ಹೊತ್ತಲ್ಲಿ ಬೆಂಗಳೂರು ಜಿಪಿಒ (ಪ್ರಧಾನ ಅಂಚೆ ಕಚೇರಿ)ದಂಥ ಕಡೆ ಸಂಗ್ರಾಹಕರಿಗಾಗಿಯೇ ಇರುವ ಫಿಲಾಟೆಲಿಕ್ ಬ್ಯೂರೋದಲ್ಲಿ ಮುಖಬೆಲೆಗೇ ಸಿಗುತ್ತವೆ. ಅಲ್ಲೇ 200 ರೂಪಾಯಿ ಕಟ್ಟಿ ಡಿಪಾಸಿಟ್ ಖಾತೆ ತೆರೆದರೆ ಹೊಸದು ಬಂದಾಗೆಲ್ಲ ಮನೆಗೇ ಕಳಿಸುತ್ತಾರೆ.

ಪ್ರಶ್ನೆ: ದೇವರ ಮುಖದ ಮೇಲೆ ಕಪ್ಪು ಸೀಲು ಬೀಳುವುದು ನೋಡಿದರೆ ನನಗೆ ಸಂಕಟ. ಅಪಚಾರ ಅಲ್ವಾ?
– ಓದುಗರು, ಉಡುಪಿ

ಉತ್ತರ: ಶಾಸ್ತ್ರ ನನಗೆ ಗೊತ್ತಿಲ್ಲ, ಅಂಚೆಯ ಮಾತು ಹೇಳುತ್ತೇನೆ. ನೇಪಾಳ 1907ರಲ್ಲೇ ಪಶುಪತಿಯನ್ನು ಸ್ಟಾಂಪಿನ ಮೇಲೆ ತಂದಿತು. ಹಿಂದೂ ರಾಜರ ಆಳ್ವಿಕೆಯಲ್ಲೇ ಆ ಸ್ಟಾಂಪುಗಳ ಮೇಲೆ ದಿನಾ ಠಸ್ಸೆ ಬಿದ್ದಿದೆ. ಮನಸ್ಸಿಗೆ ಒಪ್ಪದಿದ್ದರೆ ಸ್ಟಾಂಪಿನ ಎಡ ಮೂಲೆಗೆ ಮಾತ್ರ ತಾಗುವ ಹಾಗೆ ಹಾಕಿಕೊಡಿ ಅಂತ ಕೇಳಿ. ಸಂಗ್ರಾಹಕರಿಗೂ ಹಾಗೆ ಬಿದ್ದದ್ದೇ ಇಷ್ಟ, ಚಿತ್ರವೂ ಕಾಣುತ್ತದೆ, ಊರು–ತಾರೀಖೂ ಓದಲು ಬರುತ್ತದೆ.