ಸೈಕಲ್ ಸವಾರರು ಕೇಳಿದ್ದು, ಹಳಿ ಕೆಲಸದವನು ಹೇಳಿದ್ದು

ಪ್ರಶ್ನೆ: ನನಗೆ 46 ವರ್ಷ. ಮಂಡ್ಯದ ಕಾಲೇಜೊಂದರಲ್ಲಿ ಉಪನ್ಯಾಸಕಿ. ಭಾನುವಾರ ಶ್ರೀರಂಗಪಟ್ಟಣದವರೆಗೆ ಸೈಕಲ್ ತುಳಿದು ವಾಪಸ್ ಬರುವ ಅಭ್ಯಾಸವಿದೆ. ದಸರಾ ರಜೆಗೆ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿರುವ ತಮ್ಮನ ಮನೆಗೆ ಹೋಗುತ್ತಿದ್ದೇನೆ. ಅಲ್ಲಿಂದ ವಾಷಿಂಗ್ಟನ್‌ವರೆಗೆ ಹಳೆಯ ರೈಲು ದಾರಿಯ ಮೇಲೆ ಸೈಕಲ್‌ನಲ್ಲೇ ಹೋಗಬಹುದಂತೆ. "ರೈಲು ದಾರಿ ಅಂದ್ರೆ ಮಟ್ಟಸ ಕಣಕ್ಕ, ನಾಲ್ಕು ದಿನ ಸಾಕು" ಅಂತಾನೆ ಅವನು. ನನಗೆ ಸ್ವಲ್ಪ ಕಷ್ಟದ ಸವಾರಿಯೇ ಬೇಕು, ಆದರೆ ಅರ್ಧ ದಾರಿಯಲ್ಲಿ ಕೈಚೆಲ್ಲಿ ಕೂರುವಂತಾಗಬಾರದು. ಹೇಗೆ ಯೋಜನೆ ಹಾಕಿಕೊಳ್ಳಲಿ?
– ಓದುಗರು, ಮಂಡ್ಯ

ಉತ್ತರ: ನಿಮ್ಮ ತಮ್ಮ ಹೇಳಿದ್ದರಲ್ಲಿ 'ಮಟ್ಟಸ' ಅನ್ನುವುದು ಮುಕ್ಕಾಲು ನಿಜ. 'ನಾಲ್ಕು ದಿನ' ಅನ್ನುವುದು ಕಾರಿನಲ್ಲಿ ಕೂತು ಹಾಕಿದ ಲೆಕ್ಕ. ಒಟ್ಟು ದೂರ ಸುಮಾರು 540 ಕಿ.ಮೀ. ಅದರಲ್ಲಿ ಪಿಟ್ಸ್‌ಬರ್ಗ್‌ನಿಂದ ಕಂಬರ್‌ಲ್ಯಾಂಡ್‌ವರೆಗಿನ 240 ಕಿ.ಮೀ. ಮಾತ್ರ ರೈಲು ದಾರಿ; ಗ್ರೇಟ್ ಅಲೆಗೇನಿ ಪ್ಯಾಸೇಜ್ ಅಂತ ಹೆಸರು. ಹಳಿ ಕಿತ್ತ ಮೇಲೆ ಸುಣ್ಣಕಲ್ಲಿನ ನುಣ್ಣನೆ ಪುಡಿ ಹಾಸಿ ದಮ್ಮಸು ಮಾಡಿದ್ದಾರೆ. ಕಂಬರ್‌ಲ್ಯಾಂಡ್‌ನಿಂದ ವಾಷಿಂಗ್ಟನ್‌ವರೆಗಿನ 297 ಕಿ.ಮೀ. ರೈಲಿನದ್ದೇ ಅಲ್ಲ. ಅದು 1850ರಲ್ಲಿ ಮುಗಿದ ಚೆಸಪೀಕ್ ಮತ್ತು ಒಹಾಯೊ ನಾಲೆಯ ಏರಿ, ಹೇಸರಗತ್ತೆಗಳು ದೋಣಿ ಎಳೆದುಕೊಂಡು ಹೋಗುತ್ತಿದ್ದ ದಾರಿ. ಬಹುಪಾಲು ಮಣ್ಣು, ಮರದ ಬೇರು, ಮಳೆ ಬಿದ್ದರೆ ಕೆಸರು. ನಿಮಗೆ ಬೇಕಾದ ಕಷ್ಟದಲ್ಲಿ ಅರ್ಧ ಇಲ್ಲೇ ಸಿಗುತ್ತದೆ.

ಇನ್ನರ್ಧ ಎಲ್ಲಿದೆ ಅನ್ನುವುದನ್ನು ವಿವರವಾಗಿ ಹೇಳಬೇಕು. ನಾನು ಸರ್ವೀಸೆಲ್ಲ ಕಳೆದದ್ದು ಹಳಿಯ ಮೇಲೆ, ಹಾಗಾಗಿ ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರಕ್ಕೆ ಹಿಡಿತ ಕಡಿಮೆ. ಏರು ಜಾಸ್ತಿಯಾದರೆ ಇಂಜಿನ್ ನಿಂತಲ್ಲೇ ಚಕ್ರ ತಿರುಗಿಸುತ್ತದೆ. ಅದಕ್ಕೇ ಗುಡ್ಡ ಬಂದರೆ ರೈಲಿನವರು ಹತ್ತುವುದಿಲ್ಲ. ಸುತ್ತುತ್ತಾರೆ, ಕೊರೆಯುತ್ತಾರೆ, ಇಲ್ಲವೇ ಸೇತುವೆ ಕಟ್ಟುತ್ತಾರೆ. ನಮ್ಮ ಸಕಲೇಶಪುರ ಘಾಟಿಯಲ್ಲಿ 50 ಅಡಿಗೆ 1 ಅಡಿ ಏರು. ಅಲೆಗೇನಿ ದಾರಿಯ ಅತಿ ಕಡಿದಾದ ಜಾಗದಲ್ಲೂ ಸುಮಾರು 57 ಅಡಿಗೆ 1 ಅಡಿ, ಅಷ್ಟೇ. ಚಾಮುಂಡಿ ಬೆಟ್ಟ ಹತ್ತಿದವರಿಗೆ ಇದೇನು ಮಹಾ ಅನ್ನಿಸಬಹುದು. ಆದರೆ ಬೆಟ್ಟದಲ್ಲಿ ಹತ್ತಿದ್ದಕ್ಕೆ ಇಳಿಜಾರಿನ ಬಹುಮಾನ ಇದೆ. ಇಲ್ಲಿ ಕಂಬರ್‌ಲ್ಯಾಂಡ್‌ನಿಂದ ನೆತ್ತಿಗೆ 38 ಕಿ.ಮೀ. ಒಂದೇ ಸಮನೆ ಏರು, ಹತ್ತುವುದು 530 ಮೀಟರ್. ನೆತ್ತಿ ದಾಟಿದ ಮೇಲೆ ಪಿಟ್ಸ್‌ಬರ್ಗ್‌ವರೆಗೆ 200 ಕಿ.ಮೀ. ಇಳಿಜಾರು ಅಂತ ನಕ್ಷೆ ಹೇಳುತ್ತದೆ, ಕಾಲಿಗೆ ಅದು ಗೊತ್ತಾಗುವುದು ಅಪರೂಪ. ಬಹಳ ಕಡೆ ಪೆಡಲ್ ನಿಲ್ಲಿಸಿದರೆ ಸ್ವಲ್ಪ ಹೊತ್ತಿಗೆ ಸೈಕಲ್ಲೂ ನಿಲ್ಲುತ್ತದೆ. ದಿನಕ್ಕೆ ಏಳೆಂಟು ಗಂಟೆ ಕಾಲಿಗೆ ಬಿಡುವಿಲ್ಲ, ಸೀಟಿನಿಂದ ಏಳುವ ನೆಪವೂ ಇಲ್ಲ. ಮೊದಲು ಸೋಲುವುದು ಕೂರುವ ಜಾಗ ಮತ್ತು ಅಂಗೈ, ಆಮೇಲೆ ಮಂಡಿ.

ಆದ್ದರಿಂದ ನನ್ನ ಮೊದಲ ಸಲಹೆ: ತಿರುಗಿಸಿ ಹೋಗಿ. ಸೈಕಲ್ ಸಮೇತ ಪಿಟ್ಸ್‌ಬರ್ಗ್‌ನಿಂದ ವಾಷಿಂಗ್ಟನ್‌ಗೆ ಆಮ್‌ಟ್ರ್ಯಾಕ್ ರೈಲಿನಲ್ಲಿ ಹೋಗಿ, ಅಲ್ಲಿಂದ ತಮ್ಮನ ಮನೆಯ ಕಡೆಗೆ ಸವಾರಿ ಮಾಡಿ. ಸೈಕಲ್ಲಿಗೂ ಮುಂಗಡ ಕಾಯ್ದಿರಿಸಬೇಕು, ಅದಕ್ಕಿರುವ ಜಾಗ ಕಡಿಮೆ. ಹೀಗೆ ಮಾಡಿದರೆ ಮೊದಲು ಕೆಸರು, ಆಮೇಲೆ ಏರು, ಕೊನೆಗೆ ಮನೆ ಊಟ. ಎಲ್ಲರೂ ಪಿಟ್ಸ್‌ಬರ್ಗ್ ಕಡೆಯಿಂದ ಹೊರಟು ಆ 38 ಕಿ.ಮೀ.ಯನ್ನು ಜಾರಿಕೊಂಡು ಇಳಿಯುತ್ತಾರೆ. ಕಷ್ಟ ಬೇಕು ಅಂದವರು ನೀವು.

ಆರು ದಿನ ಇಟ್ಟುಕೊಳ್ಳಿ. ಮೊದಲ ದಿನ ಹಾರ್ಪರ್ಸ್ ಫೆರಿ, ಎರಡನೇ ದಿನ ಹ್ಯಾನ್‌ಕಾಕ್, ಮೂರನೇ ದಿನ ಕಂಬರ್‌ಲ್ಯಾಂಡ್. ದಿನಕ್ಕೆ ಹೆಚ್ಚುಕಡಿಮೆ 100 ಕಿ.ಮೀ. ಹ್ಯಾನ್‌ಕಾಕ್ ಆಸುಪಾಸಿನಲ್ಲಿ ನಾಲೆ ಏರಿಗೆ ಜೊತೆಜೊತೆಯಾಗಿ ವೆಸ್ಟರ್ನ್ ಮೇರಿಲ್ಯಾಂಡ್ ರೈಲ್ ಟ್ರೇಲ್ ಇದೆ. ಅದೂ ಹಳೆಯ ರೈಲು ದಾರಿಯೇ, ಆದರೆ ಡಾಂಬರು ಹಾಕಿದ್ದು, ಸುಮಾರು 45 ಕಿ.ಮೀ. ಮಳೆ ಬಂದಿದ್ದರೆ ಮುಲಾಜಿಲ್ಲದೆ ಅದಕ್ಕೆ ಹತ್ತಿ. ಒಣಗಿದ್ದರೆ ಏರಿಯಲ್ಲೇ ಹೋಗಿ. ಮೂರನೇ ದಿನ ಪಾ ಪಾ ಸುರಂಗ ಸಿಗುತ್ತದೆ, 3,118 ಅಡಿ, ದೀಪವಿಲ್ಲ. ಒಂದು ಕಡೆ ಇಟ್ಟಿಗೆ ಗೋಡೆ, ಇನ್ನೊಂದು ಕಡೆ ಕಟಾಂಜನ, ಅದರಾಚೆ ನೀರು. ಸೈಕಲ್ಲಿಗೊಂದು, ತಲೆಗೊಂದು ದೀಪ ಕಟ್ಟಿಕೊಂಡು ತಳ್ಳಿಕೊಂಡೇ ಹೋಗಿ. ನಿಮ್ಮೂರ ಹತ್ತಿರದ ಹುಲಿಕೆರೆ ಸುರಂಗದೊಳಗೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ನೀರಷ್ಟೇ ಹೋಗುತ್ತದೆ. ಪಾ ಪಾದಲ್ಲಿ ನೀರಿನ ಪಕ್ಕ ನಡೆಯಲೂ ದಾರಿ ಬಿಟ್ಟಿದ್ದಾರೆ.

ನಾಲ್ಕನೇ ದಿನ ರಾಕ್‌ವುಡ್‌ವರೆಗೆ 70 ಕಿ.ಮೀ. ಮಾತ್ರ, ಯಾಕೆಂದರೆ ಅವತ್ತೇ ಆ ಏರು. ನೆತ್ತಿ ಇನ್ನೇನು ಬಂತು ಅನ್ನುವಾಗ ಬಿಗ್ ಸ್ಯಾವೇಜ್ ಸುರಂಗ, ಸುಮಾರು ಒಂದು ಕಿ.ಮೀ. ಉದ್ದ. ದೀಪಗಳಿವೆ. ನಾನು ಮಗಳ ಮನೆಗೆ ಹೋಗಿದ್ದಾಗ ಆ ದಾರಿ ತುಳಿದಿದ್ದೇನೆ. ಬೆವರಲ್ಲಿ ತೊಯ್ದ ಅಂಗಿಯಲ್ಲಿ ಒಳಗೆ ನುಗ್ಗಿದರೆ ಹಲ್ಲು ಕಟಕಟ ಅನ್ನುತ್ತದೆ. ಬಾಯಲ್ಲೇ ನಿಂತು ಜರ್ಕಿನ್ ಹಾಕಿಕೊಳ್ಳಿ. ಹೋಗುವ ಮುನ್ನ ಆ ಬಾಯಿಂದ ಒಮ್ಮೆ ಹಿಂತಿರುಗಿ ನೋಡಿ, ಹತ್ತಿ ಬಂದ ಕಣಿವೆಯೆಲ್ಲ ಕಾಣುತ್ತದೆ. ಆಚೆಗೆ 729 ಮೀಟರ್ ಎತ್ತರದ ಜಲವಿಭಾಜಕ. ಈಚೆ ಬಿದ್ದ ಮಳೆ ಅಟ್ಲಾಂಟಿಕ್‌ಗೆ, ಆಚೆ ಬಿದ್ದದ್ದು ಮಿಸಿಸಿಪ್ಪಿ ಹಿಡಿದು ಮೆಕ್ಸಿಕೊ ಕೊಲ್ಲಿಗೆ. ಅಲ್ಲಿಗೂ ಕಾಲಲ್ಲಿ ಕಸುವು ಉಳಿದಿದ್ದರೆ ಮೇಯರ್ಸ್‌ಡೇಲ್ ಬಳಿ ದಾರಿ ಬಿಟ್ಟು ಪೆನ್ಸಿಲ್ವೇನಿಯಾದ ಅತಿ ಎತ್ತರದ ಜಾಗವಾದ ಮೌಂಟ್ ಡೇವಿಸ್‌ಗೆ ಹೋಗಿ ಬನ್ನಿ. ಅದು ರೈಲಿನವರು ಮಾಡಿದ ರಸ್ತೆಯಲ್ಲ, ಏರು ಏರಾಗೇ ಇದೆ. ಇದಕ್ಕೆ ಒಂದು ದಿನ ಹೆಚ್ಚಿಗೆ ಬೇಕು. ಕೊನೆಯ ಎರಡು ದಿನ ಒಹಾಯೊಪೈಲ್ ಜಲಪಾತ, ಕನೆಲ್ಸ್‌ವಿಲ್, ಆಮೇಲೆ ಪಿಟ್ಸ್‌ಬರ್ಗ್. ಆ ಭಾಗ ಚೆಂದ, ತೊಂದರೆಯಿಲ್ಲ.

ಟೈರು 40 ಮಿ.ಮೀ.ಗಿಂತ ಸಣ್ಣದು ಬೇಡ. ಗಾಳಿಯನ್ನು ನಮ್ಮ ಅಂಗಡಿಯವರು ತುಂಬುವ ಹಾಗೆ ಕಲ್ಲಾಗುವಷ್ಟು ತುಂಬಬೇಡಿ. ಹೆಬ್ಬೆರಳಲ್ಲಿ ಒತ್ತಿದರೆ ಸ್ವಲ್ಪ ಒಳಗೆ ಹೋಗಬೇಕು. ಸುಣ್ಣಕಲ್ಲಿನ ಪುಡಿ ಒದ್ದೆಯಾದರೆ ದೋಸೆ ಹಿಟ್ಟಿನ ಹಾಗೆ ಎಲ್ಲದಕ್ಕೂ ಮೆತ್ತಿಕೊಳ್ಳುತ್ತದೆ, ಒಣಗಿದ ಮೇಲೆ ಚೈನು ಕರಕರ ಅನ್ನುತ್ತದೆ. ಸಂಜೆ ತಂಗಿದ ತಕ್ಷಣ, ಸ್ನಾನಕ್ಕೂ ಮುಂಚೆ, ಹಳೆ ಬಟ್ಟೆಯಲ್ಲಿ ಚೈನು ಒರೆಸಿ ಎಣ್ಣೆ ಬಿಡಿ. ಎರಡೂ ಚಕ್ರಕ್ಕೆ ಮಡ್‌ಗಾರ್ಡ್ ಇರಲಿ, ಆದರೆ ಟೈರಿಗೂ ಅದಕ್ಕೂ ನಡುವೆ ಬೆರಳು ತೂರುವಷ್ಟು ಸಂದು ಇರಬೇಕು, ಇಲ್ಲದಿದ್ದರೆ ಕೆಸರು ಕಚ್ಚಿಕೊಂಡು ಚಕ್ರವೇ ತಿರುಗುವುದಿಲ್ಲ. ನಾಲೆ ಏರಿಯ ಉದ್ದಕ್ಕೂ ದುಡ್ಡಿಲ್ಲದೆ ಡೇರೆ ಹಾಕುವ ಜಾಗಗಳೂ ನೀರಿನ ಕೈಪಂಪುಗಳೂ ಇವೆ. ಆದರೂ ಮಂಡಿಯ ಮೇಲೆ ಕರುಣೆಯಿದ್ದರೆ ಡೇರೆ ಹೊರಬೇಡಿ, ಊರುಗಳಲ್ಲಿ ತಂಗಿ. ಅಕ್ಟೋಬರ್ ಮಧ್ಯದಲ್ಲಿ ಅಲ್ಲಿ ಹಗಲು 11 ಗಂಟೆಯಷ್ಟೇ, ಬೆಳಕು ಹರಿಯುತ್ತಲೇ ಹೊರಡಿ. ಕಾರ್ಯಕ್ರಮ ಡಿಸೆಂಬರ್‌ಗೆ ಮುಂದೂಡಿದರೆ ಬಿಗ್ ಸ್ಯಾವೇಜ್ ಸುರಂಗದ ಬಾಗಿಲು ಹಾಕಿರುತ್ತಾರೆ, ಏಪ್ರಿಲ್‌ವರೆಗೆ ತೆಗೆಯುವುದಿಲ್ಲ.

ತಯಾರಿಗೆ ಬೆಟ್ಟ ಹುಡುಕಿಕೊಂಡು ಮೇಲುಕೋಟೆಗೆ ಹೋಗಬೇಕಿಲ್ಲ. 38 ಕಿ.ಮೀ. ಸಣ್ಣ ಏರು ನಮ್ಮ ಸೀಮೆಯಲ್ಲಿ ಸಿಗುವುದಿಲ್ಲ, ಆದರೆ ಆಷಾಢದ ಗಾಳಿ ಸಿಗುತ್ತದೆ. ಮಂಡ್ಯದಿಂದ ಪಾಂಡವಪುರದ ಮೇಲೆ ಕನ್ನಂಬಾಡಿ ಕಡೆಗೆ, ಪಡುವಣ ಗಾಳಿಗೆ ಎದೆ ಕೊಟ್ಟು, ಬ್ಯಾಗಿನಲ್ಲಿ ಏಳೆಂಟು ಕೆ.ಜಿ. ಭಾರ ಇಟ್ಟುಕೊಂಡು ತುಳಿಯಿರಿ. ಬಿಡುವು ಕೊಡದ ಸವಾರಿ ಅಂದರೇನು ಅಂತ ಮಂಡಿಗೆ ಅಲ್ಲೇ ಅರ್ಥವಾಗುತ್ತದೆ. ಎರಡು ದಿನ ಬೆನ್ನಿಗೆ ಬೆನ್ನು ಹಾಗೆ ಮಾಡಿ, ಮೂರನೇ ದಿನ ಬೆಳಿಗ್ಗೆ ಸೀಟಿನ ಮೇಲೆ ಕೂರಲು ಆಗುತ್ತದೋ ನೋಡಿ. ಆಗದಿದ್ದರೆ ಸೀಟು ಬದಲಾಯಿಸಲು ಅದೇ ಸರಿಯಾದ ಸಮಯ.

ಪ್ರಶ್ನೆ: ಇಂಥ ದಾರಿ ನಮ್ಮಲ್ಲಿ ಯಾಕಿಲ್ಲ ಸರ್? ನಾವು ನಾಲ್ವರು ಸ್ನೇಹಿತರು ಸಕಲೇಶಪುರದ ಹಸಿರು ದಾರಿಯಲ್ಲಿ ಹಳಿ ಪಕ್ಕದಲ್ಲೇ ಸೈಕಲ್ ಹೊಡೆಯೋಣ ಅಂತಿದ್ದೇವೆ.
– ವಿದ್ಯಾರ್ಥಿ, ಸರಸ್ವತಿಪುರಂ, ಮೈಸೂರು

ಉತ್ತರ: ಬೇಡ. ಆ ಲೈನಿನಲ್ಲಿ ರೈಲು ಓಡುತ್ತಿದೆ. 57 ಸುರಂಗಗಳಿವೆ, ಒಳಗೆ ರೈಲು ಬಂದರೆ ನೀವು ಗೋಡೆಗೆ ಒರಗಬಹುದು, ಸೈಕಲ್ಲನ್ನು ಎಲ್ಲಿಡುತ್ತೀರಿ? ಮೇಲಾಗಿ ಹಳಿಯ ಮೇಲೆ ಅತಿಕ್ರಮ ಪ್ರವೇಶ 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನಡಿ ಅಪರಾಧ.

ಯಾಕಿಲ್ಲ ಅಂದರೆ, ಅಮೆರಿಕದಲ್ಲಿ ಖಾಸಗಿ ಕಂಪನಿಗಳು ಒಂದೇ ಕಣಿವೆಯಲ್ಲಿ ಪೈಪೋಟಿಗೆ ಬಿದ್ದು ಎರಡೆರಡು ಲೈನು ಹಾಕಿದವು, ಆಮೇಲೆ ಒಂದನ್ನು ಕೈಬಿಟ್ಟವು. ನಮ್ಮಲ್ಲಿ ಬಿಟ್ಟದ್ದು ಕಡಿಮೆ. ಮೈಸೂರು–ಬೆಂಗಳೂರು ಲೈನು 1880ರ ದಶಕದ್ದು. ಕಿರಿದಾದ ಮೀಟರ್‌ಗೇಜ್ ಹಳಿ ಹೋಗಿ ಅಗಲದ ಬ್ರಾಡ್‌ಗೇಜ್ ಬಂದಾಗಲೂ ಬಹುಪಾಲು ಅದೇ ದಿಬ್ಬದ ಮೇಲೆ ಬಂತು. ಹಳೆ ರೈಲಿನ ಕುರುಹು ನೋಡಲೇಬೇಕೆಂದರೆ ನಂಜನಗೂಡಿಗೆ ಹೋಗಿ. 1735ರಲ್ಲಿ ದಳವಾಯಿ ದೇವರಾಜಯ್ಯನವರು ಕಪಿಲೆಗೆ ಕಟ್ಟಿಸಿದ ಕಲ್ಲಿನ ಸೇತುವೆಯ ಮೇಲೆ ರಸ್ತೆಯೂ ಇತ್ತು, ಮೀಟರ್‌ಗೇಜ್ ಹಳಿಯೂ ಇತ್ತು. ಈಗ ರೈಲು ಪಕ್ಕದ ಹೊಸ ಸೇತುವೆಯಲ್ಲಿ ಹೋಗುತ್ತದೆ. ಬೆಳಿಗ್ಗೆ ಹೊರಟರೆ ತಿಂಡಿ ಹೊತ್ತಿಗೆ ತಲುಪುತ್ತೀರಿ.

ಪ್ರಶ್ನೆ: ನನ್ನದು ಗೇರಿಲ್ಲದ ಹಳೇ ಸೈಕಲ್. ವಿ.ಸಿ. ನಾಲೆ ಏರಿ ಮೇಲೆ ದೂರ ಹೋಗಬಹುದಾ? ಹೈವೇ ಹಿಡಿದರೆ ವಾಸಿಯಾ?
– ರೈತರು, ಮದ್ದೂರು ತಾಲ್ಲೂಕು

ಉತ್ತರ: ಏರಿಗೆ ಗೇರು ಬೇಕಿಲ್ಲಣ್ಣ, ನಾಲೆ ಅಂದ ಮೇಲೆ ನೀರು ಹರಿಯುವಷ್ಟೇ ಇಳಿಜಾರು. ಜಾಲಿ ಮುಳ್ಳು ಜಾಸ್ತಿ, ಒಂದು ಟ್ಯೂಬು, ಪಂಪು ಜೊತೆಗಿರಲಿ. ತಡೆಗೋಡೆ ಇಲ್ಲದ ಕಡೆ ನೀರಿನಿಂದ ದೂರದ ಅಂಚು ಹಿಡಿಯಿರಿ, ಕತ್ತಲಾದ ಮೇಲೆ ಹೋಗಲೇಬೇಡಿ. 2018ರಲ್ಲಿ ಕನಗನಮರಡಿ ಹತ್ತಿರ ಬಸ್ಸು ನಾಲೆಗೆ ಬಿದ್ದು 30 ಜನ ಹೋದದ್ದು ಹಗಲು ಹೊತ್ತಿನಲ್ಲೇ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್‌ನಿಂದ ಸೈಕಲ್, ಬೈಕು, ಆಟೊ ಯಾವುದನ್ನೂ ಬಿಡುವುದಿಲ್ಲ. ಸರ್ವೀಸ್ ರಸ್ತೆಯಲ್ಲಿ ಹೋಗಿ, ಎದುರು ದಿಕ್ಕಿನಿಂದ ಬರುವ ಟ್ರ್ಯಾಕ್ಟರ್ ಮೇಲೆ ಒಂದು ಕಣ್ಣಿರಲಿ.